ಸಂಶಯ ಕಟ್ಟಿಕೊಂಡು ಊರೂರು ತಿರುಗಿದ್ದು

ಊರು ಬಿಟ್ಟು ಹೊರಟರೆ ಕೆಲವರಿಗೆ ನೆಗಡಿಯಾಗುತ್ತದೆ, ಕೆಲವರಿಗೆ ಹೊಟ್ಟೆ ಕೆಡುತ್ತದೆ. ನನಗೆ ಸಂಶಯ ಶುರುವಾಗುತ್ತದೆ. ಬಸ್ಸು ಬೀದರ ದಾಟುವ ಮೊದಲೇ ಪಕ್ಕದ ಸೀಟಿನವನು ಯಾಕೆ ನಕ್ಕ, ಹಿಂದಿನವನು ಯಾಕೆ ನಗಲಿಲ್ಲ ಎಂದು ಯೋಚಿಸತೊಡಗುತ್ತೇನೆ. ಭಾಲ್ಕಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ರಜೆ ಸಿಕ್ಕಾಗೆಲ್ಲ ಹೆಂಡತಿಯನ್ನು ಕರೆದುಕೊಂಡು ಊರೂರು ತಿರುಗಿದ್ದೇನೆ. ನೋಡಿದ ಗುಡಿ ಗೋಪುರ ಮರೆತುಹೋಗಿವೆ, ಸಂಶಯಪಟ್ಟ ಮನುಷ್ಯರ ಮುಖ ಮಾತ್ರ ಒಂದೊಂದೂ ನೆನಪಿವೆ. "ಇಂಥಾವೆಲ್ಲ ನನಗೇ ಯಾಕ ಆಗ್ತಾವ?" ಎಂದು ಹೆಂಡತಿಯನ್ನು ಕೇಳಿದರೆ, "ಬ್ಯಾರೆ ಮಂದಿ ಊರು ನೋಡ್ಲಾಕ ಹೋಗ್ತಾರ, ನೀವು ಕಳ್ಳರನ್ನ ನೋಡ್ಲಾಕ ಹೋಗ್ತೀರಿ" ಅನ್ನುತ್ತಾಳೆ.

ಎತ್ತು ನೋಡಲು ಹೋದದ್ದು

ಸಂಶಯ ನನಗೆ ಬಂದದ್ದು ಅಪ್ಪನಿಂದ. ನಮ್ಮೂರು ಔರಾದ ತಾಲೂಕಿನ ಡಾಬಕಾ. ಬೀದರ ಶಹರವನ್ನು ನಾನು ಮೊದಲು ನೋಡಿದ್ದು ಬೇಸಿಗೆ ರಜೆಯಲ್ಲಿ, ಅಕ್ಕನಿಗೆ ವರ ನೋಡಲು ಅಪ್ಪನ ಜೊತೆ ಹೋದಾಗ. ಅಕ್ಕನಿಗೆ ಅದು ನಾಲ್ಕನೆಯ ಸಂಬಂಧ. ಹಿಂದಿನ ಮೂರೂ ಮುರಿದುಬಿದ್ದಿದ್ದವು. ಮನೆಯಲ್ಲಿ ಅವ್ವ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು.

ಹೊರಡುವಾಗಲೇ ಅಪ್ಪ ಹೇಳಿದ: "ಬಸ್ಸಿನಾಗ ಯಾರು ಏನ್ ಕೇಳಿದ್ರೂ ಖರೆ ಹೇಳಬ್ಯಾಡ. ಶಹರದ ಮಂದಿ ಮಾತಾಡಿಸಿ ಮಾತಾಡಿಸಿ ಸಂಬಂಧ ಕೆಡಿಸಿಬಿಡ್ತಾರ."

ಔರಾದಿನಲ್ಲಿ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಹತ್ತಿ ನಮ್ಮ ಪಕ್ಕ ಕೂತರು. ಕೈಚೀಲದಿಂದ ಪೇರಲ ತೆಗೆದು ನನಗೆ ಕೊಡಲು ಬಂದರು. ಅಪ್ಪ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದ.

"ಎಲ್ಲಿಗಿ ಹೊಂಟೀರಿ?" ಹಿರಿಯರು ಕೇಳಿದರು.

"ಎತ್ತು ನೋಡ್ಲಾಕ ಹೊಂಟೇವ್ರಿ," ಅಂದ ಅಪ್ಪ.

ಆ ಮನುಷ್ಯರಿಗೆ ಎತ್ತಿನ ಮಾತೆಂದರೆ ಪ್ರಾಣ ಎಂದು ಕಾಣುತ್ತದೆ. "ಎಂಥಾ ಎತ್ತು ಬೇಕಾಗ್ಯಾದ್ರಿ ನಿಮಗ?" ಎಂದು ಹತ್ತಿರ ಸರಿದರು. ಒಂದು ಸುಳ್ಳಿಗೆ ಹತ್ತು ಸುಳ್ಳು ಜೋಡಿಸುವುದು ಅಪ್ಪನಿಗೆ ಕಷ್ಟವೇನಲ್ಲ. "ವಯಸ್ಸು ಭಾಳ ಆಗಿರಬಾರದ್ರಿ. ಹಲ್ಲು ಗಟ್ಟಿ ಇರಬೇಕು. ಹಾಯೋದು, ಒದಿಯೋದು ಇರಬಾರದು. ತಿನ್ನೂದು ಕಡಿಮಿ, ದುಡಿಯೂದು ಜಾಸ್ತಿ ಇರಬೇಕು."

"ಅಂಥಾದ್ದು ಸಿಗೂದು ಕಠಿಣ ಅದ ಬಿಡ್ರಿ," ಅಂದರು ಹಿರಿಯರು.

ಅವರು ಬೆನ್ನುಹತ್ತಿ ಬಂದರೆ ಎಂಬ ಸಂಶಯಕ್ಕೆ ಅಪ್ಪ ಬೀದರ ಬಸ್‌ಸ್ಟ್ಯಾಂಡಿಗಿಂತ ಮೊದಲೇ ಇಳಿದ. ಸುಡುಬಿಸಿಲಿನಲ್ಲಿ ನಾಲ್ಕು ಗಲ್ಲಿ ಸುತ್ತಿ, ಹಿಂದೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ವರನ ಮನೆಯ ಬಾಗಿಲು ಬಡಿದ. ಬಾಗಿಲು ತೆಗೆದವರು ಬಿಳಿ ಟೊಪ್ಪಿಗೆಯ ಅದೇ ಹಿರಿಯರು. ವರನ ಅಪ್ಪ!

ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಈ ಸಂಬಂಧವೂ ಹೋಯಿತು, ಅವ್ವ ಇನ್ನು ಊಟ ಪೂರ್ತಿ ಬಿಡುತ್ತಾಳೆ ಎಂದುಕೊಂಡೆ. ಆಮೇಲೆ ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಬಹಳ ಮರ್ಯಾದೆಯಿಂದ ಹೇಳಿದರು:

"ಬರ್ರಿ, ಒಳಗ ಬರ್ರಿ. ಎತ್ತು ಜಳಕಾ ಮಾಡ್ಲತ್ತದ. ಹಲ್ಲು ಗಟ್ಟಿ ಅವ, ಹಾಯಂಗಿಲ್ಲ, ಒದಿಯಂಗಿಲ್ಲ. ತಿನ್ನೂದು ಮಾತ್ರ ಜರಾ ಜಾಸ್ತಿ ಅದ, ಅದೊಂದು ನೀವೇ ಸಂಭಾಳಿಸಿಕೊಳ್ರಿ."

ಮದುವೆ ಆಯಿತು. ಭಾವ ಇವತ್ತಿಗೂ ನಮ್ಮ ಮನೆಗೆ ಬಂದರೆ ಎರಡನೆಯ ಸಲ ಬಡಿಸಿಕೊಳ್ಳುವ ಮುಂಚೆ ನನ್ನ ಮುಖ ನೋಡುತ್ತಾರೆ.

ಎದುರು ಸೀಟಿನವನು

ಮದುವೆಯಾಗಿ ಕೆಲವು ವರ್ಷಕ್ಕೆ ದಸರಾ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಉತ್ತರ ಭಾರತದ ಕಡೆ ಹೊರಟೆವು. ಸಿಕಂದರಾಬಾದಿನಲ್ಲಿ ರೈಲು ಹತ್ತಿದ ಕೂಡಲೇ ಸಾಮಾನಿನ ಪೆಟ್ಟಿಗೆಗೆ ಅಡ್ಡ ಉದ್ದ ಸರಪಳಿ ಸುತ್ತಿ, ಸೀಟಿನ ಕಾಲಿಗೆ ಬಿಗಿದು, ಒತ್ತಿದರೆ ತಾನೇ ಬೀಳುವ ದೊಡ್ಡ ಕೀಲಿ ಜಡಿದೆ. ಆಗ ತಲೆ ಎತ್ತಿದರೆ, ಎದುರು ಸೀಟಿನಲ್ಲಿ ಕೂತಿದ್ದ ದಪ್ಪ ಮೀಸೆಯವನು ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದ.

ಹೆಂಡತಿಗೆ ಹೇಳಿದೆ: "ಮೀಸಿಯಾಂವನ ಮ್ಯಾಲ ಕಣ್ಣಿಡು. ಕಳ್ಳ ಇದ್ದಾನ."

"ಕೇಳಿಸ್ತದ, ಮೆಲ್ಲಕ ಮಾತಾಡ್ರಿ."

"ಕೇಳಿದ್ರೇನು, ಈ ಮಂದಿಗಿ ಕನ್ನಡ ಎಲ್ಲಿ ತಿಳೀತದ?"

ಕನ್ನಡ ತಿಳಿಯುವುದಿಲ್ಲ ಎಂದ ಮೇಲೆ ದಾರಿಯುದ್ದಕ್ಕೂ ಧೈರ್ಯವಾಗಿ ಮಾತಾಡಿದೆವು. ಆ ಮೀಸೆ ಪೊಲೀಸರಿಂದ ಮುಖ ಮರೆಸಲು ಬಿಟ್ಟದ್ದು ಅಂದೆ ನಾನು. ಇಲ್ಲ, ಅದು ಅಂಟಿಸಿದ ಮೀಸೆಯೇ ಇರಬೇಕು ಅಂದಳು ಇವಳು. ಅವನು ಒಂದೆರಡು ಸಲ ಏನೋ ಹೇಳಲು ಬಾಯಿ ತೆರೆದ. ನಾನು ಥಟ್ಟನೆ ಕಿಟಕಿ ಕಡೆ ಮುಖ ತಿರುಗಿಸಿದೆ. ಮಾತಿಗೆ ಎಳೆಯುವುದೇ ಕಳ್ಳರ ಮೊದಲ ಉಪಾಯ.

ಮಾರನೆಯ ದಿನ ನಾವು ಇಳಿಯುವ ಸ್ಟೇಷನ್ ಬಂತು. ಸರಪಳಿ ಬಿಚ್ಚಲು ಅಂಗಿಯ ಕಿಸೆಗೆ ಕೈ ಹಾಕಿದೆ. ಕೀಲಿಕೈ ಇಲ್ಲ. ಪ್ಯಾಂಟಿನ ಕಿಸೆಯಲ್ಲೂ ಇಲ್ಲ. ಆಗ ನೆನಪಾಯಿತು: ಕಳೆದುಹೋಗದಿರಲಿ ಎಂದು ಅದನ್ನು ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ, ಪೆಟ್ಟಿಗೆಯ ಒಳಗೆ ಇಟ್ಟಿದ್ದೆ. ಪೆಟ್ಟಿಗೆಯ ಮುಚ್ಚಳ ಸರಪಳಿಯ ಕೆಳಗಿತ್ತು. ರೈಲು ನಿಲ್ಲುವುದು ಐದೇ ನಿಮಿಷ. ನಾನು ಜಗ್ಗಿದೆ, ಹೆಂಡತಿ ಜಗ್ಗಿದಳು. ಸೀಟು ಅಲುಗಾಡಿತೇ ಹೊರತು ಸರಪಳಿ ಬಿಡಲಿಲ್ಲ.

ಮೀಸೆಯವನು ಎದ್ದುಬಂದು ನನ್ನನ್ನು ಪಕ್ಕಕ್ಕೆ ಸರಿಸಿದ. ಕಿಸೆಯಿಂದ ಒಂದು ಸಣ್ಣ ತಂತಿ ತೆಗೆದು ಕೀಲಿಯೊಳಗೆ ತೂರಿಸಿ, ಎರಡು ಸಲ ತಿರುವಿದ. ಕಟ್ ಎಂದು ಬಿಚ್ಚಿಕೊಂಡಿತು.

"ನೋಡು, ನಾ ಹೇಳಿದ್ದಿಲ್ಲೇನು?" ಎಂದು ಹೆಂಡತಿಯ ಕಿವಿಯಲ್ಲಿ ಅಂದೆ.

ಅವನು ಸರಪಳಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ ಹೇಳಿದ: "ನಂದು ಬೀದರದಾಗ ಕೀಲಿ ರಿಪೇರಿ ಅಂಗಡಿ ಅದ್ರಿ ಸರ್. ನೀವು ಕೀಲಿಕೈ ಒಳಗ ಇಟ್ಟು ಕೀಲಿ ಒತ್ತಿದ್ದು ನಿನ್ನಿನೇ ನೋಡೀನಿ. ಹೇಳಬೇಕಂತ ಎಷ್ಟ ಸಲ ಬಾಯಿ ತೆರದ್ನಿ, ನೀವು ಮಾತಾಡ್ಲಾಕ ಬಿಡ್ಲೇ ಇಲ್ಲ." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ ಬಾಗಿ ನಿಂತ. "ಅಕ್ಕಾರ, ಮೀಸಿ ಅಂಟಿಸಿದ್ದಲ್ರಿ. ಬೇಕಾದ್ರ ಒಮ್ಮಿ ಜಗ್ಗಿ ನೋಡ್ರಿ."

ಅಣೆಕಟ್ಟಿನ ಚಿತ್ರ

ನಾನೊಬ್ಬನೇ ಮಂದಿಯನ್ನು ಸಂಶಯಪಟ್ಟೆ ಎಂದಲ್ಲ. ಒಂದು ಸಲ ಮಂದಿಯೂ ನನ್ನನ್ನು ಸಂಶಯಪಟ್ಟರು.

ದಕ್ಷಿಣದ ಕಡೆ ಒಂದು ಅಣೆಕಟ್ಟು ನೋಡಲು ಹೋಗಿದ್ದೆವು. ಹೆಂಡತಿ ಜೋಳ ಸುಡಿಸಿಕೊಳ್ಳುತ್ತ ನಿಂತಳು. ನಾನು ಕಲ್ಲಿನ ಮೇಲೆ ಕೂತು, ಡ್ರಾಯಿಂಗ್ ಪುಸ್ತಕ ತೆಗೆದು ಅಣೆಕಟ್ಟಿನ ಚಿತ್ರ ಬಿಡಿಸತೊಡಗಿದೆ. ಅರ್ಧ ಗಂಟೆಯಲ್ಲಿ ಇಬ್ಬರು ಕಾವಲುಗಾರರು ಬಂದು ಎಡಕ್ಕೊಬ್ಬ ಬಲಕ್ಕೊಬ್ಬ ನಿಂತರು. ನನ್ನ ಬೀದರ ಕಡೆಯ ಮಾತು ಕೇಳಿ ಅವರ ಸಂಶಯ ಇನ್ನೂ ಗಟ್ಟಿಯಾಯಿತು.

"ಯಾವ ಭಾಷೆ ಇದು?" ಒಬ್ಬ ಇನ್ನೊಬ್ಬನನ್ನು ಕೇಳಿದ.

"ಕನ್ನಡ ರೀ!" ಅಂದೆ.

"ಕನ್ನಡ ನಮಗೆ ಗೊತ್ತಿಲ್ವಾ?" ಅಂದ ಅವನು.

ಕರೆದೊಯ್ದು ಆಫೀಸಿನಲ್ಲಿ ಕೂರಿಸಿದರು. ಸಾಹೇಬರು ನನ್ನ ಪುಸ್ತಕವನ್ನು ನೇರವಾಗಿ, ಅಡ್ಡವಾಗಿ, ತಲೆಕೆಳಗಾಗಿ ಹಿಡಿದು ನೋಡಿದರು. "ಯಾರಿಗೋಸ್ಕರ ನಕ್ಷೆ ತೆಗೀತಿದ್ದೀರಿ?"

"ನಕ್ಷಾ ಅಲ್ರಿ ಸಾಹೇಬ್ರ, ಚಿತ್ರ. ನಾ ಡ್ರಾಯಿಂಗ್ ಮಾಸ್ತರ ಇದ್ದೀನ್ರಿ."

"ಹೌದಾ? ಹಾಗಾದ್ರೆ ನನ್ನ ಚಿತ್ರ ಬರೀರಿ, ನೋಡೋಣ."

ಇಡೀ ನೌಕರಿಯಲ್ಲಿ ಕಲಿಸಿದ್ದನ್ನೆಲ್ಲ ನೆನಪಿಸಿಕೊಂಡು ಮನಸ್ಸಿಟ್ಟು ಬರೆದೆ. ಸಾಹೇಬರು ಚಿತ್ರ ನೋಡಿದರು. ಗೋಡೆಯ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಮತ್ತೆ ಚಿತ್ರ ನೋಡಿ, ಕಾವಲುಗಾರರಿಗೆ ಹೇಳಿದರು:

"ಇವರನ್ನ ಬಿಟ್ಬಿಡ್ರಪ್ಪ. ಇವರು ಬರೆದ ನಕ್ಷೆ ಹಿಡ್ಕೊಂಡು ಬಂದ್ರೆ ಶತ್ರುಗಳಿಗೆ ಈ ಅಣೆಕಟ್ಟು ಜನ್ಮದಲ್ಲಿ ಸಿಗಲ್ಲ."

ಚಿಲಕ

ನಿವೃತ್ತಿಯ ನಂತರ ಬೀದರದಲ್ಲಿ ಮನೆ ಕಟ್ಟಿದೆವು. ಈಚೆಗೆ ಮಡಿಕೇರಿ ನೋಡಬೇಕೆಂದು ಹೆಂಡತಿ ಹಟ ಹಿಡಿದಳು. ಸರಿ ಎಂದೆ. ಆದರೆ ಮನೆ? ಮುಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಕಳ್ಳರಿಗೆ ಬೋರ್ಡು ಬರೆದು ಹಾಕಿದಂತೆ.

ಮೂರು ದಿನ ಯೋಚಿಸಿ ಉಪಾಯ ಮಾಡಿದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಟಿವಿ ಜೋರಾಗಿ ಹಚ್ಚಿಟ್ಟೆ. ನಮ್ಮಿಬ್ಬರ ಚಪ್ಪಲಿ ಹೊಸ್ತಿಲ ಮುಂದೆ ಇಟ್ಟೆ, ನನ್ನ ಧೋತರ ಅಂಗಳದಲ್ಲಿ ಒಣಹಾಕಿದೆ. ಹಾಲಿನವನಿಗೂ ಬೇಡ ಎನ್ನಲಿಲ್ಲ, ಹೇಳಿದರೆ ಅವನಿಗೆ ಗೊತ್ತಾಗುತ್ತದಲ್ಲ! ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಅದಕ್ಕೆ ಕೀಲಿ ಹಾಕಿ, ಕಾಣದ ಹಾಗೆ ಹಳೆಯ ತಗಡು ಆನಿಸಿ, ಬೆಳಗಾಗುತ್ತಲೇ ಹಿಂದಿನ ಗಲ್ಲಿಯಿಂದ ಹೊರಟೆವು. ಓಣಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಫೋನಿನಿಂದ ಕಳ್ಳರು ನಾವೆಲ್ಲಿದ್ದೇವೆ ಎಂದು ಪತ್ತೆ ಹಚ್ಚುತ್ತಾರೆಂದು ಯಾರೋ ಹೇಳಿದ್ದರು. ಎರಡೂ ಫೋನು ಬಂದ್ ಮಾಡಿದೆ.

"ಯಾರಿಗರೆ ಒಬ್ಬರಿಗಿ ಹೇಳೋಣ್ರಿ," ಅಂದಳು ಹೆಂಡತಿ.

"ಯಾರನ್ನ ನಂಬೂದು?" ಅಂದೆ.

ಆರನೆಯ ದಿನ ಬೆಳಿಗ್ಗೆ ಬೀದರಕ್ಕೆ ವಾಪಸ್ ಬಂದೆವು. ಆಟೋದವನು ನಮ್ಮ ಓಣಿಯ ತುದಿಯಲ್ಲೇ ನಿಲ್ಲಿಸಿದ. "ಮುಂದ ಗದ್ದಲ ಅದ್ರಿ. ಯಾರೋ ಗಂಡ ಹೆಂಡ್ತಿ ಜೋಡೀಲೇ ಹೋಗ್ಯಾರಂತ. ಇಲ್ಲೇ ಇಳೀರಿ."

"ಅಯ್ಯೋ ಪಾಪ!" ಅಂದಳು ಹೆಂಡತಿ. ನಾವು ಮುಖ ಸಣ್ಣ ಮಾಡಿಕೊಂಡು, ಬ್ಯಾಗು ಹಿಡಿದು ಹೋಗಿ ಗುಂಪಿನ ಹಿಂದೆ ನಿಂತೆವು. ಓಣಿಯ ತುಂಬ ಬಾಡಿಗೆ ಕುರ್ಚಿ ಹಾಕಿದ್ದರು, ಮಂದಿಯ ತಲೆಗಳಾಚೆ ಯಾರ ಮನೆ ಎಂದು ಕಾಣುತ್ತಿರಲಿಲ್ಲ. ಔರಾದಿನಿಂದ, ಭಾಲ್ಕಿಯಿಂದ ಬಂದ ನಮ್ಮದೇ ಬೀಗರು, ನನ್ನ ಹಳೆಯ ಮಾಸ್ತರ ಮಂದಿ ಕೂತಿದ್ದರು. ಇವರಿಗೂ ನಮ್ಮ ಓಣಿಯವರಿಗೂ ಏನು ಸಂಬಂಧ ಎಂದು ನನಗೆ ಸಂಶಯ ಬಂತು.

ಪಕ್ಕದ ಮನೆಯ ಕಿರಾಣಿ ಅಂಗಡಿಯವರು ಎಲ್ಲರಿಗೂ ವಿವರಿಸುತ್ತಿದ್ದರು: "ಐದು ದಿನದಿಂದ ಟಿವಿ ಬಂದೇ ಆಗಿಲ್ರಿ. ಚಪ್ಪಲಿ ಇದ್ದಲ್ಲೇ ಅವ. ಹಾಲಿನ ಪಾಕೀಟು ಬೆಕ್ಕು ಕುಡೀಲತ್ತಾವ. ಎಷ್ಟ ಬಡದ್ರೂ ಮಾತಿಲ್ಲ, ಚಿಲಕ ನೋಡಿದ್ರ ಒಳಗಿಂದ ಹಾಕ್ಯಾದ. ಫೋನ್ ಭೀ ಬಂದ್ ಅವ."

ತಲೆಗಳ ಸಂದಿಯಿಂದ ಇಣುಕಿದೆ. ಸಾಯಗಾಂವದಿಂದ ಬಂದಿದ್ದ ನನ್ನ ಹೆಂಡತಿಯ ಅಣ್ಣ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ನನ್ನ ಜೊತೆ ನೌಕರಿ ಮಾಡಿದ ಮಾಸ್ತರೊಬ್ಬರು ಕಣ್ಣೊರೆಸಿಕೊಂಡು, "ದೇವರಂಥಾ ಮನುಷ್ಯ. ಚಿತ್ರ ಏನ್ ಚಂದ ತೆಗೀತಿದ್ದರು!" ಅಂದರು. ನೌಕರಿಯಲ್ಲಿದ್ದಾಗ ಒಂದು ದಿನವೂ ಆ ಮಾತು ಆಡಿದವರಲ್ಲ. ಇನ್ನೂ ಏನಾದರೂ ಹೇಳುತ್ತಾರೇನೋ ಎಂದು ಕಿವಿಗೊಟ್ಟು ನಿಂತೆ.

ಅಷ್ಟರಲ್ಲಿ ಬಡಿಗ ನಮ್ಮ ಮುಂಬಾಗಿಲಿಗೆ ಕಬ್ಬಿಣದ ಹಾರಿ ಹಾಕಿದ. ಸಾಗವಾನಿ ಬಾಗಿಲು! ನನಗೆ ತಡೆಯಲಾಗಲಿಲ್ಲ. ಗುಂಪು ಸೀಳಿಕೊಂಡು ಓಡಿಹೋಗಿ ಕೂಗಿದೆ:

"ಏ, ಬಾಗಲಾ ಮುರೀಬ್ಯಾಡೋ! ನಾ ಒಳಗ ಇಲ್ಲ!"

ಬಡಿಗ ಹಿಂದಿರುಗಿ ಕೂಡ ನೋಡಲಿಲ್ಲ. "ಇದ್ದಾರೋ ಇಲ್ಲೋ ಮುರದ ಮ್ಯಾಲ ತಿಳೀತದ. ಆ ಕಡಿ ಸರೀರಿ, ಬೆಳಕು ಬೀಳವಲ್ದು," ಅಂದು ಹಾರಿ ಮೀಟಿದ. ಬಾಗಿಲು ಧಡ್ ಎಂದು ಒಳಗೆ ಬಿತ್ತು. ಅಳುತ್ತಿದ್ದ ಮಂದಿಯೆಲ್ಲ ನನ್ನನ್ನು ತಳ್ಳಿಕೊಂಡು, ನನ್ನನ್ನು ನೋಡಲು ಒಳಗೆ ನುಗ್ಗಿದರು.

ಅಂಗಳದಲ್ಲಿ ಉಳಿದವರು ನಾನು, ಹೆಂಡತಿ, ಮತ್ತು ಮೆಟ್ಟಿಲ ಮೇಲಿನ ಅವಳ ಅಣ್ಣ. ಅವನು ನಿಧಾನವಾಗಿ ತಲೆ ಎತ್ತಿ ತಂಗಿಯನ್ನು ನೋಡಿದ, ನನ್ನನ್ನು ನೋಡಿದ, ನಮ್ಮ ಕೈಯಲ್ಲಿದ್ದ ಮಡಿಕೇರಿಯ ಜೇನಿನ ಬಾಟಲಿ ನೋಡಿದ. ಆಮೇಲೆ ಬಾಗಿಲ ಕಡೆ ತಿರುಗಿ, ಗಂಟಲು ಹರಿಯುವಂತೆ ಕೂಗಿದ:

"ಹೊರಗ ಬರ್ರಿ ಎಲ್ಲಾರೂ! ಹೆಣ ತಿರುಗಾಡ್ಲಾಕ ಹೋಗಿದ್ದುವು, ಈಗ ಬಂದಾವ!"