ತಲೆಕೆಳಗಾಗಿ ನೆಟ್ಟ ಗುಲಾಬಿ

ಪ್ರೀತಿ ಮಾಡಿಯೂ ಸಾಯಿಸಬಹುದು ಎಂಬುದನ್ನು ನಾನು ಬಲ್ಲೆ. ಗಾಬರಿಯಾಗಬೇಡಿ, ಸತ್ತದ್ದು ಒಂದು ಗುಲಾಬಿ ಗಿಡ. ಹೆಂಡತಿ ಗಿರಿಜಾ ಜ್ವರದಿಂದ ತೀರಿಕೊಂಡಳು. ಅದರಲ್ಲಿ ನನ್ನ ಕೈವಾಡವಿರಲಿಲ್ಲ. ಗಿಡದ ವಿಷಯದಲ್ಲಿ ಹಾಗೆ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಹಗರಿಬೊಮ್ಮನಹಳ್ಳಿಗೆ ಬಂದ ವರ್ಷ ಹೊಸಪೇಟೆಯಿಂದ ಒಂದು ಕಸಿ ಗುಲಾಬಿ ತಂದಿದ್ದೆ. ಬೊಗಸೆಯಷ್ಟು ಹೂವು, ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಉದ್ದನೆಯ ಇಂಗ್ಲಿಷ್ ಹೆಸರು. ಏಪ್ರಿಲ್ ಮುಗಿಯುವಷ್ಟರಲ್ಲಿ ಚೀಟಿಯೊಂದೇ ಉಳಿದಿತ್ತು. ಗಿರಿಜಾ ತವರುಮನೆ ಗುಡೇಕೋಟೆಯಿಂದ ಒಂದು ಕಡ್ಡಿ ತಂದು ಬಚ್ಚಲ ನೀರು ಹೋಗುವಲ್ಲಿ ಚುಚ್ಚಿದಳು.

"ಇದರ ಹೆಸರೇನು?" ಎಂದೆ.

"ಹೆಸರು ಯಾಕ ಬೇಕ್ರಿ? ಕಲ್ಲಾಗ ಬೆಳದದ್ದು. ನಿಮ್ಮಂಗ ಉಪಚಾರ ಕೇಳಂಗಿಲ್ಲ."

ಕೇಳಲೂ ಇಲ್ಲ. ಮೇಕೆ ಬುಡದ ತನಕ ಮೇಯ್ದು ಹೋದರೆ ತಿಂಗಳೊಳಗೆ ಮತ್ತೆ ಪೊದೆ. ಮೊದಲ ಮಳೆ ಬಿದ್ದರೆ ಎಲೆ ಕಾಣದಷ್ಟು ಸಣ್ಣ ನಸುಗೆಂಪು ಹೂವು. ಹತ್ತು ವರ್ಷ ಅದು ಕುಡಿದದ್ದು ಬಚ್ಚಲ ನೀರು, ತಿಂದದ್ದು ಚಹಾದ ಚರಟ.

ಅವಳು ಹೋದ ಮೇಲೆ ಅವಳ ಮುಡಿಯ ವಾಸನೆ ಉಳಿದಿದ್ದದ್ದು ಆ ಪೊದೆಯೊಂದರಲ್ಲೇ. ಚೆನ್ನಾಗಿ ನೋಡಿಕೊಳ್ಳಬೇಕೆಂದು ಹಿಡಿ ಹಿಡಿ ಯೂರಿಯಾ ಹಾಕಿದೆ. ಎರಡೇ ವಾರದಲ್ಲಿ ಬೇರು ಸಮೇತ ಸುಟ್ಟುಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಪಕ್ಕದ ಮನೆಯ ಮಹಬೂಬ್‌ಬೀ ಗೋಡೆಯಾಚೆಯಿಂದ ಇಣುಕಿದಳು. ಅವಳ ಗಂಡ ಪಂಪ್‌ಸೆಟ್ ರಿಪೇರಿ ಮಾಡುವವನು.

"ಯೂರಿಯಾ ಹಾಕೀರಿ? ಮಾಸ್ತರ್ರ, ಅದೇನು ಜೋಳದ ಹೊಲೇನ್ರಿ?" ಎಂದವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ಇರ್ಲಿ ಬಿಡ್ರಿ. ಅಕ್ಕ ಕೊಟ್ಟ ಕಡ್ಡಿ ನಮ್ಮ ಹಿತ್ತಲದಾಗ ಐತಿ. ಓಣಿ ತುಂಬ ಐತಿ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಅಂದು ಸಂಜೆ ಓಣಿಯುದ್ದಕ್ಕೂ ನಡೆದೆ. ಏಳು ಬಚ್ಚಲುಗಳ ಹಿಂದೆ ಗಿರಿಜಾಳ ಗುಲಾಬಿ. ನಾನು ದಿನವೂ ಅವುಗಳ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ.

ಮರುದಿನ ಮಹಬೂಬ್‌ಬೀ ಐದು ಕಡ್ಡಿ ಕತ್ತರಿಸಿ, ಒಂದೊಂದರ ತುದಿಗೂ ಸಗಣಿಯ ಉಂಡೆ ಮೆತ್ತಿ ಕೊಟ್ಟಳು. ಸಗಣಿ ಎಂದರೆ ಗೊಬ್ಬರ, ಗೊಬ್ಬರದ ಜಾಗ ಮಣ್ಣೊಳಗೆ. ಹಾಗೆಂದುಕೊಂಡು ಬಚ್ಚಲ ನೀರು ಹೋಗುವಲ್ಲೇ ಉಂಡೆ ಕೆಳಗೆ ಮಾಡಿ ಐದನ್ನೂ ಹೂತೆ. ಎಂಟು ದಿನ ಬಿಟ್ಟು ನೋಡಲು ಬಂದಳು.

"ಯಾ ಅಲ್ಲಾ! ಸಗಣಿ ಎಲ್ಲಿ ಹೋತ್ರಿ?"

"ಒಳಗದ. ಗೊಬ್ಬರ ಅಲ್ಲೇನು?"

"ಗೊಬ್ಬರಲ್ರಿ, ಅದು ಟೊಪ್ಪಿಗಿ! ಬಿಸಿಲಿಗೆ ತುದಿ ಒಣಗಬಾರದಂತ ತಲಿಗಿ ಹಾಕದು. ಐದಕ್ಕೈದು ತಲಿಕೆಳಗ ಹುಗದೀರಲ್ರಿ! ಸಾಲ್ಯಾಗ ಹುಡುಗರಿಗೆ ಏನ್ ಕಲಸ್ತೀರಿ?"

ಬೇರು ಕೆಳಗೆ, ಕಾಂಡ ಮೇಲೆ ಎಂದೇ ಕಲಿಸುತ್ತಿದ್ದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ; ಗಿರಿಜಾ ಹೋದ ಮೇಲೆ ಮೊದಲ ಸಲ.

"ಕಿತ್ತು ತಿರುಗಿಸಲೇನು?"

"ಬ್ಯಾಡ್ರಿ, ಕೈ ಮುಗೀತೀನಿ, ಇನ್ನ ಮುಟ್ಟಬ್ಯಾಡ್ರಿ!"

ನಾಲ್ಕು ಒಣಗಿದವು. ಐದನೆಯದರ ಮುಳ್ಳುಗಳೆಲ್ಲ ಆಕಾಶದ ಕಡೆ ತಿರುಗಿದ್ದವು. ಅದೂ ಹೋಯಿತೆಂದೇ ತಿಳಿದಿದ್ದೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಅದರ ಪಕ್ಕೆಯಿಂದ ಒಂದು ಕೆಂಪು ಕುಡಿ. ತನ್ನ ಲೆಕ್ಕದ ಮೇಲಕ್ಕೆ, ಅಂದರೆ ನೆಲದ ಕಡೆಗೇ, ಬೆರಳುದ್ದ ಹೊರಟಿತ್ತು. ಅಲ್ಲಿಂದ ಮೊಣಕೈಯಂತೆ ಬಾಗಿ ಬೆಳಕಿಗೆ ಎದ್ದಿತ್ತು. ಆಕಾಶ ಯಾವ ಕಡೆಗಿದೆಯೆಂದು ಅದಕ್ಕೆ ಹೇಳಿದವರು ಯಾರು? ಮಾಸ್ತರನಂತೂ ಅಲ್ಲ. ಶಾಲೆಯ ಗಂಟೆ ಕೇಳಿದರೂ ಏಳಲಾಗದೆ ನೋಡುತ್ತ ಕುಳಿತೆ.

ಈಗ ಅದು ಗೋಡೆಯೆತ್ತರ ಬೆಳೆದಿದೆ. ಮಹಬೂಬ್‌ಬೀ ಕೊಟ್ಟ ಅಪ್ಪಣೆಯಂತೆ ನಾನು ಅದಕ್ಕೆ ಏನೂ ಮಾಡುವುದಿಲ್ಲ. ಸ್ನಾನ ಮಾಡುತ್ತೇನೆ, ಚಹಾ ಕುಡಿಯುತ್ತೇನೆ, ಕೈಕಟ್ಟಿಕೊಂಡು ನಿಲ್ಲುತ್ತೇನೆ. ಈ ಮನೆಯಲ್ಲಿ ಗಿರಿಜಾ ಇದ್ದಷ್ಟು ಕಾಲವೂ ನಾನು ಮಾಡಿದ್ದು ಇಷ್ಟೇ. ಅದಕ್ಕಾಗಿ ದಿನವೂ ಬೈಯುತ್ತಿದ್ದಳು. ಅದೂ ಒಂದು ಕೆಲಸಕ್ಕೆ ಬಂತೆಂದು ಹೇಳೋಣವೆಂದರೆ ಅವಳಿಲ್ಲ. ಗಿಡಕ್ಕೆ ಹೇಳುತ್ತೇನೆ.