ದೆವ್ವದ ಕಾದಂಬರಿ ಓದಲು ಹೋಗಿ

ಪುಸ್ತಕ ಓದಿ ನಾನು ಬೆಚ್ಚಿಬಿದ್ದದ್ದು ಕಡಿಮೆ, ಪಕ್ಕದಲ್ಲಿ ಕೂತವರನ್ನು ಬೆಚ್ಚಿಬೀಳಿಸಿದ್ದೇ ಹೆಚ್ಚು. ಹೋದ ತಿಂಗಳು ಗೆಳತಿ ಕೊಟ್ಟ ಕಾದಂಬರಿಯಲ್ಲೂ ಹಾಗೇ ಆಯಿತು. ಯಾವುದೋ ದೇಶದ ಅಂತರ್ಯುದ್ಧ. ಅದರಲ್ಲಿ ಸತ್ತ ಟೈಲರ್ ಒಬ್ಬನ ದೆವ್ವವೇ ಕಥೆ ಹೇಳುತ್ತದೆ, ಅದೂ ನಗಿಸುತ್ತಾ.

ಪ್ಯಾಂಟಿನ ಅಳತೆ

ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ನನಗೆ ಅಕೌಂಟ್ಸ್ ಕೆಲಸ. ಊಟದ ಹೊತ್ತಿನಲ್ಲಿ ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಎದುರಿಗೆ ಕೂತಿದ್ದ ಮ್ಯಾನೇಜರ್, "ಏನಮ್ಮ, ಅಷ್ಟೊಂದು ನಗು?" ಅಂದರು.

"ಸೈನಿಕರು ಇವನನ್ನ ಸುಮ್ಮಸುಮ್ಮನೆ ಕೊಂದಿದಾರೆ ಸಾರ್. ಆಮೇಲೆ ಶತ್ರು ಅಂತ ತೋರಿಸೋಕೆ ಹೆಣಕ್ಕೆ ಯೂನಿಫಾರಂ ಹಾಕಿದಾರೆ. ಪ್ಯಾಂಟು ಉದ್ದ ಆಯ್ತು ಅಂತ ಇವನು ಗೊಣಗ್ತಿದಾನೆ."

ಮ್ಯಾನೇಜರ್ ಕೈಯಲ್ಲಿದ್ದ ತುತ್ತು ಡಬ್ಬಿಗೇ ವಾಪಸ್ ಹೋಯಿತು. ಕೈಕಾಲು ಹಿಡಿದರೂ ರಜ ಕೊಡದ ಮನುಷ್ಯ, ಸಂಜೆ ತಾವಾಗೇ ಬಂದು, "ನಾಳೆ ಬರಬೇಡಮ್ಮ, ರೆಸ್ಟ್ ತಗೋ" ಅಂದರು.

ಒಂದು ವಡೆ

ಸಿಕ್ಕ ರಜದಲ್ಲಿ ಗುಬ್ಬಿ ಕಡೆಯ ಕಡಬಕ್ಕೆ, ಅತ್ತೆಯ ಮನೆಗೆ ಹೋದೆ. ಅವರಿಗೂ ಕಥೆ ಹೇಳಿದೆ. ಗುಂಡು, ಬಾಂಬು, ದೆವ್ವ ಯಾವುದಕ್ಕೂ ಅವರು ಕದಲಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದರು.

"ಅವನ ತಿಥಿ ಯಾರು ಮಾಡಿದ್ರು?"

"ಯಾರೂ ಮಾಡ್ಲಿಲ್ಲ ಅತ್ತೆ. ಅವನು ಸತ್ತಿದ್ದೇ ಮನೆಯವ್ರಿಗೆ ಗೊತ್ತಿಲ್ಲ."

ಆಗ ಅವರ ಕೈ ನಿಂತಿತು. "ಒಂದ್ ಎಡೇನೂ ಇಡ್ಲಿಲ್ವಾ? ಅದಕ್ಕೇ ಕಣೇ ಅವನು ಮುನ್ನೂರು ಪುಟ ಮಾತಾಡ್ತಿರೋದು. ಒಂದು ವಡೆ ಇಟ್ಟಿದ್ರೆ ಮೊದಲನೇ ಪುಟದಲ್ಲೇ ಹೊರಟೋಗ್ತಿದ್ದ."

ಸಾಕ್ಷಿ

ಕೊನೆಯ ಅಧ್ಯಾಯ ಓದಿದ್ದು ಕುಣಿಗಲ್ ಬಸ್ಸಿನಲ್ಲಿ. ಟೈಲರನ್ನು ಸೈನಿಕರಿಗೆ ಹಿಡಿದುಕೊಟ್ಟವನು ಅವನ ಸ್ವಂತ ತಮ್ಮನೇ. ಅದನ್ನು ಓದಿ ನನ್ನ ಕಣ್ಣು ತುಂಬಿತು. ಪಕ್ಕದ ಸೀಟಿನ ಅಜ್ಜ, "ಯಾಕವ್ವ, ಏನಾಯ್ತು?" ಅಂತ ಕೇಳಿದ. ಹೇಳಿದೆ.

ಅಜ್ಜ ತೊಡೆಯ ಮೇಲಿದ್ದ ಕಾಗದದ ಕಟ್ಟನ್ನು ತಟ್ಟಿದ. "ನಂದೂ ನನ್ ತಮ್ಮಂದೂ ತೋಟದ ಕೇಸು ಕೋರ್ಟಲ್ಲೈತೆ ಕಣವ್ವ. ಈಗ್ಲೂ ಅಲ್ಲಿಗೇ ಹೊಂಟಿವ್ನಿ. ನನ್ ತಲೆಕೂದ್ಲು ಕರ್ರಗಿದ್ದಾಗ ಸುರುವಾಗಿದ್ದು."

ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ: "ಸತ್ತೋರು ಬಂದು ಹಿಂಗೆ ನಡೆದಿದ್ನೆಲ್ಲಾ ಹೇಳಂಗಿದ್ರೆ, ನಮ್ಮಪ್ಪನ್ನೂ ಸಾಕ್ಷಿಗೆ ಕರೆಸ್ಬೋದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈ ಅಡ್ಡ ಆಡಿಸಿದ.

"ಬ್ಯಾಡ ಬುಡವ್ವ. ಅವ್ನು ತಮ್ಮನ ಕಡೀಕೇ ಹೇಳ್ತಾನೆ."