ಒಸಾಕಾ ಶೌಕತನ ಒಂದೇ ಒಂದು ಸುಳ್ಳು

ಗಣೇಶಗುಡಿಯ ಕಾಡಿನಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಒಂದು ಸ್ಕ್ರೂ ಮುರಿಯಿತು. ಕಡಲೆಕಾಳಿಗಿಂತ ದೊಡ್ಡದಲ್ಲದ ಆ ಸ್ಕ್ರೂ ಮುರಿದ ಸದ್ದು ಪಕ್ಕದ ಮರದ ಹಕ್ಕಿಗೂ ಕೇಳಿಸಿರಲಾರದು. ಆದರೆ ಸ್ವಲ್ಪ ಹೊತ್ತಿಗೆಲ್ಲ, ದಾಂಡೇಲಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಚಹಾಕ್ಕೆ ಬಿಸ್ಕೀಟು ಅದ್ದುತ್ತಿದ್ದ ಶೌಕತನಿಗೆ ಅದನ್ನು ಎತ್ತುವುದೇ ಮರೆತು, ಅರ್ಧ ಬಿಸ್ಕೀಟು ಕಪ್ಪಿನ ತಳಕ್ಕೆ ಇಳಿದುಹೋಯಿತು.

ಫೋನಿನಲ್ಲಿದ್ದವನು ಅವನ ಅಕ್ಕನ ಮಗ ತನ್ವೀರ. ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ಜೀಪು ಓಡಿಸುವ ಹುರುಪಿನ ಆಳು.

“ಮಾಮೂ, ಮಂಗಟ್ಟೆ ಹಕ್ಕಿ ಫೋಟೋ ತಗ್ಯಾಕ ಒಬ್ಬ ಗೆಸ್ಟ್ ಬಂದಾರ. ಸ್ಟ್ಯಾಂಡಿನ ಸ್ಕ್ರೂ ಮುರದೈತಿ. ನಮ್ಮ ಮಾಮು ಮಾಡಿ ಕೊಡ್ತಾರ ಅಂತ ಹೇಳೇನಿ, ಕರಕೊಂಡು ಬರ್ತೇನಿ. ಮತ್ತ ಕೇಳ್ರಿ, ಅವರು ನಿಮ್ಮ ಒಸಾಕಾದವರು.”

‘ನಿಮ್ಮ ಒಸಾಕಾ’ ಎಂಬ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ದಾಂಡೇಲಿಯ ಮಟ್ಟಿಗೆ ಒಸಾಕಾ ಶೌಕತನ ಆಸ್ತಿಯೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಕಾರ್ಖಾನೆಗೆ ಹೊಸ ಯಂತ್ರ ಬರುವಾಗ, ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲು ಫಿಟ್ಟರ್ ಶೌಕತನನ್ನು ಆ ಜಪಾನಿ ನಗರಕ್ಕೆ ಕಳಿಸಿದ್ದರು. ಅಲ್ಲಿ ಅವನು ಕಂಡದ್ದು ತಂಗಿದ ಕೋಣೆ, ಕಲಿತ ಶೆಡ್ಡು ಮತ್ತು ಅವೆರಡರ ನಡುವಣ ಒಂದು ಬೀದಿ. ದಾರಿ ತಪ್ಪೀತೆಂಬ ಭಯದಲ್ಲಿ ಕಣ್ಣು ನೆಲದಿಂದ ಮೇಲೇಳಲಿಲ್ಲ. ಲಕ್ಷಾಂತರ ದೀಪಗಳ ನಗರವೊಂದು ಅವನ ಎರಡೂ ಬದಿಗೆ ಹರಿದುಹೋಯಿತು. ಅವನು ಮಾತ್ರ ಮಳೆಯಲ್ಲಿ ಕಿಟಕಿ ಮುಚ್ಚಿದ ಬಸ್ಸಿನಂತೆ ಒಣಗಿಯೇ ಮರಳಿದ.

ಮರಳಿದ ದಿನ ಕ್ವಾರ್ಟರ್ಸೆಲ್ಲ ಅವನ ಅಂಗಳದಲ್ಲಿ ನೆರೆಯಿತು. ಒಸಾಕಾದ ಕೋಟೆಯನ್ನೂ ದೀಪದ ಹಲಗೆಗಳನ್ನೂ ಮಂದಿ ಮೊಬೈಲಿನಲ್ಲಿ ಆಗಲೇ ನೋಡಿ ಮುಗಿಸಿದ್ದರು. ನೀ ಏನು ನೋಡಿದಿ ಎಂದು ಕೇಳಿದಾಗ, ಏನೂ ಇಲ್ಲವೆನ್ನಲು ಅವನ ಮರ್ಯಾದೆ ಒಪ್ಪಲಿಲ್ಲ. ಅವೆಲ್ಲ ಟೂರಿಸ್ಟ್ ಮಂದಿ ನೋಡುವಂಥವು, ತಾನು ಕಂಡದ್ದು ಯಾರಿಗೂ ಗೊತ್ತಿಲ್ಲದ ಒಸಾಕಾ ಎಂದುಬಿಟ್ಟ. ಆಮೇಲೆ ಅಂಥದೊಂದು ಒಸಾಕಾವನ್ನು ಕಟ್ಟಬೇಕಾಯಿತು. ಸಾಮಗ್ರಿ ಊರಲ್ಲೇ ಇತ್ತು. ಕಾರ್ಖಾನೆಯ ಶೆಡ್ಡಿನ ನಡುವೆ ಲಾರಿ ಓಡಾಡುವ ದಾರಿಯನ್ನು ಎತ್ತಿ ಒಂದು ಬಹುಮಹಡಿ ಕಟ್ಟಡದ ಹೊಟ್ಟೆಯಲ್ಲಿ ಹಾಯಿಸಿದ. ಗೇಟಿನ ಬಳಿಯ, ಹತ್ತುವ ಮೊದಲೇ ಮುಗಿಯುವ ಕೆಮ್ಮಣ್ಣಿನ ಗುಡ್ಡೆಗೆ ಅಧಿಕೃತ ಪರ್ವತದ ಪಟ್ಟ ಕೊಟ್ಟ. ಜೋಯಿಡಾ ಕಡೆಯ ಹಳ್ಳದಲ್ಲಿ ಪಾಚಿ ಹೊದ್ದು ಕುಳಿತ ಬಂಡೆಯನ್ನು ನೀರು ಎರೆಸಿಕೊಳ್ಳುವ ಹಸಿರು ದೇವರನ್ನಾಗಿ ಮಾಡಿದ. ಅಂದಿನಿಂದ ಅವನ ಹೆಸರು ಒಸಾಕಾ ಶೌಕತ.

ಇಂದೇ ಆ ಗೆಸ್ಟ್ ಬರಬಾರದಿತ್ತು. ಮಧ್ಯಾಹ್ನ ಹಳಿಯಾಳದಿಂದ ನಬಿಸಾಬರು ಬರುವವರಿದ್ದರು. ಹಂಚಿನ ವ್ಯಾಪಾರಿ, ಹಂಚನ್ನು ಬೆರಳ ಗಂಟಿನಿಂದ ತಟ್ಟಿ ಸೀಳು ಎಲ್ಲಿದೆಯೆಂದು ಹೇಳಬಲ್ಲವರು, ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡುವವರು. ಅವರ ಮಗ ಇರ್ಫಾನನಿಗೆ ಶೌಕತನ ಮಗಳು ಸಮ್ರೀನಳನ್ನು ಕೇಳಿದ್ದರು. ಹುಡುಗನಿಗೂ ಹುಡುಗಿಗೂ ಒಪ್ಪಿಗೆಯಾಗಿತ್ತು. ನಬಿಸಾಬರದು ಒಂದೇ ಷರತ್ತು: ಬಡವರ ಮನೆ ಆದೀತು, ಸುಳ್ಳುಗಾರರ ಮನೆ ಬೇಡ.

ಶೌಕತ ಮೊದಲು ಹಲ್ಲುನೋವನ್ನು ಮೊರೆಹೊಕ್ಕ. ಮಾತಾಡಲಾಗದವನನ್ನು ಒಸಾಕಾದ ಬಗ್ಗೆ ಯಾರು ಕೇಳಿಯಾರು? ಹೆಂಡತಿ ರುಬಿನಾ ಅವನ ದವಡೆಗೆ ಪಂಜೆಯ ತುಂಡು ಕಟ್ಟುತ್ತಿರುವಾಗಲೇ ಪಕ್ಕದ ಮನೆಯ ಜುಲಿಯಾನಾ ಲವಂಗದೊಡನೆ ಪ್ರತ್ಯಕ್ಷಳಾದಳು. ಕಾರ್ಖಾನೆಯ ಕ್ಯಾಂಟೀನಿನ ಮುಖ್ಯಸ್ಥೆಯಾದ ಅವಳಿಗೆ ಇಡೀ ಕ್ವಾರ್ಟರ್ಸೇ ತನ್ನ ಅಡುಗೆಮನೆ. ಎಲ್ಲಿ ಏನು ಕುದಿದರೂ ಅವಳ ಸೌಟು ಅಲ್ಲಿರುತ್ತಿತ್ತು. ಲವಂಗವಾಯಿತು, ಉಪ್ಪುನೀರಾಯಿತು, ಕೊನೆಗೆ ಬೀಗರು ಬರುವುದರೊಳಗೆ ಹಲ್ಲನ್ನೇ ಕೀಳಿಸಿಬಿಡೋಣವೆಂದು ಅವಳು ಬಾಗಿಲಿಗೆ ಆಟೋ ತಂದು ನಿಲ್ಲಿಸಿದಳು. ಆಟೋದ ಹಾರ್ನು ಕೇಳಿದ್ದೇ ಶೌಕತನ ಹಲ್ಲು ಗುಣವಾಯಿತು.

“ನನ್ನ ಲವಂಗದ ಗುಣಾ ನೋಡ್ರಿ ಭಾಬಿ,” ಎಂದಳು ಜುಲಿಯಾನಾ, ಮತ್ತು ಆಟೋದವನನ್ನು ಬೈದು ಕಳಿಸಿದಳು.

ಉಳಿದದ್ದು ಒಂದೇ ಉಪಾಯ. ಮಟನ್ ತರುತ್ತೇನೆಂದು ಸ್ಕೂಟರ್ ಹತ್ತಿದ. ಗಣೇಶಗುಡಿಯ ರಸ್ತೆಯಲ್ಲೇ ಜೀಪನ್ನು ತಡೆದು, ಸ್ಕ್ರೂ ಸರಿಮಾಡಿಕೊಟ್ಟು, ಒಸಾಕಾವನ್ನು ಕಾಡಿಗೇ ತಿರುಗಿಸಿ ಕಳಿಸುವುದು ಅವನ ಯೋಜನೆ. ಆದರೆ ಪೇಟೆ ದಾಟುವ ಮೊದಲೇ, ಬಸ್‌ಸ್ಟ್ಯಾಂಡಿನ ಮುಂದೆ ಯಾರೋ ಕೊಡೆಯ ತುದಿಯಿಂದ ಅವನ ಭುಜ ತಟ್ಟಿದರು. ಹೊತ್ತಿಗೆ ಮುಂಚೆಯೇ ಬಂದಿಳಿದ ನಬಿಸಾಬರು. ತಮ್ಮನ್ನು ಎದುರುಗೊಳ್ಳಲೆಂದೇ ಶೌಕತ ಬಂದನೆಂದು ತಿಳಿದ ಅವರ ಕಣ್ಣು ಒದ್ದೆಯಾಯಿತು. ಸಂತೋಷದಿಂದ ಅವರು ಹಿಂದಿನ ಸೀಟಿನಲ್ಲಿ ಕುಳಿತರು, ಸ್ಕೂಟರ್ ನರಳಿತು. ಅದೇ ಹೊತ್ತಿಗೆ ಎದುರಿನಿಂದ ಜೀಪೊಂದು ಹಾರ್ನ್ ಹೊಡೆಯುತ್ತ ಬಂದು ಪಕ್ಕಕ್ಕೆ ನಿಂತಿತು.

“ಮಾಮೂ, ಒಸಾಕಾ ಬಂತು ನೋಡ್ರಿ,” ಎಂದ ತನ್ವೀರ.

ಸಂಗತಿ ತಿಳಿದ ನಬಿಸಾಬರು ಗಡ್ಡ ನೇವರಿಸಿದರು. ಶೌಕತನ ಕಟ್ಟಡದ ಹೊಟ್ಟೆಯ ರಸ್ತೆಯ ಸುದ್ದಿ ಹಳಿಯಾಳದವರೆಗೂ ಹೋಗಿತ್ತು, ಮತ್ತು ಅಲ್ಲಿ ಅದನ್ನು ಯಾರೂ ನಂಬಿರಲಿಲ್ಲ. “ಛಲೋ ಆತು ಬಿಡ್ರಿ,” ಎಂದರು. “ಸಾಕ್ಷಿ ತಾನಾಗಿ ಮನೀಗೆ ನಡದು ಬಂದೈತಿ.”

ಗೆಸ್ಟ್‌ನ ಹೆಸರು ಕಿತಾಮುರಾ. ಒಸಾಕಾದಲ್ಲಿ ನಗರಸಾರಿಗೆಯ ಬಸ್ಸು ಓಡಿಸಿ ನಿವೃತ್ತನಾದ ಸಣ್ಣ ಮೈಯ ಮುದುಕ. ಅವನಿಗೆ ಗೊತ್ತಿಲ್ಲದ ಓಣಿ ಆ ನಗರದಲ್ಲಿ ಇಲ್ಲವೆಂದು ತನ್ವೀರ ಹೊಗಳಿದಾಗ, ಶೌಕತನಿಗೆ ತನ್ನ ಕಾಲ ಕೆಳಗಿನ ಓಣಿಯೂ ಕಾಣದಾಯಿತು. ಎಲ್ಲರೂ ಕ್ವಾರ್ಟರ್ಸಿಗೆ ಬಂದಿಳಿದದ್ದೇ, ಹೊಸ ಸ್ಕ್ರೂ ಕಡೆದು ತರುತ್ತೇನೆಂದು ಶೆಡ್ಡಿಗೆ ಹೊರಟವನ ಕೈಯಿಂದ ಸ್ಕ್ರೂವನ್ನು ಜುಲಿಯಾನಾ ಕಿತ್ತುಕೊಂಡು ಬೇರೊಬ್ಬ ಫಿಟ್ಟರನ ಬಳಿ ಕಳಿಸಿದಳು. ಒಸಾಕಾದವನೇ ಮನೆಗೆ ಬಂದಾಗ ಜತೆಯಲ್ಲಿ ಕೂಡದೆ ಹೋದರೆ ಹೇಗೆ?

ಮಾತಿನ ಸೇತುವೆ ತನ್ವೀರನ ಫೋನು. ಅದರೊಳಗಿನ ಹೆಂಗಸು ಕನ್ನಡವನ್ನು ಜಪಾನಿಗೂ ಜಪಾನಿಯನ್ನು ಕನ್ನಡಕ್ಕೂ ತಿರುಗಿಸುತ್ತಿದ್ದಳು. ಅವಳ ಕನ್ನಡ ಇಸ್ತ್ರಿ ಮಾಡಿದಂತಿತ್ತು. ದಾಂಡೇಲಿಯಲ್ಲಿ ಯಾರಾದರೂ ಅಷ್ಟು ಶುದ್ಧವಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಸವಾಲು ಹಾಕುವ ಹೊಣೆಯನ್ನು ಜುಲಿಯಾನಾ ತಾನೇ ಹೊತ್ತಳು. ಕಟ್ಟಡದ ಹೊಟ್ಟೆಯೊಳಗಿಂದ ರಸ್ತೆ ಹೋಗುವುದು ನಿಜವೇ?

ಕಿತಾಮುರಾನ ಹುಬ್ಬು ಮೇಲೇರಿತು. ಫೋನು ನುಡಿಯಿತು: “ಹೌದು. ಹೆದ್ದಾರಿಯು ಆ ಕಟ್ಟಡದ ಮಧ್ಯದ ಮಹಡಿಗಳ ಮೂಲಕ ಹಾದುಹೋಗುತ್ತದೆ. ಇದು ತಮಗೆ ಹೇಗೆ ತಿಳಿಯಿತು?”

ಅಂಗಳದಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ಶೌಕತ. ಗೆಸ್ಟ್ ಸೌಜನ್ಯಕ್ಕೆ ಹೇಳುತ್ತಿದ್ದಾನೆಂದುಕೊಂಡ. ಆದರೆ ಮುದುಕ ತನ್ನ ಫೋನಿನಲ್ಲಿ ಚಿತ್ರವನ್ನೇ ತೆಗೆದು ತೋರಿಸಿದ: ದುಂಡನೆಯ ಕಟ್ಟಡ, ಅದರ ಹೊಟ್ಟೆಯಲ್ಲಿ ತೂತು, ತೂತಿನಿಂದ ಹೊರಬರುವ ಕಾರುಗಳು. ಹತ್ತುವ ಮೊದಲೇ ಮುಗಿಯುವ ಪರ್ವತವೂ ನಿಜವಾಯಿತು. ಬಂದರಿನ ಬಳಿ ಇದೆಯಂತೆ, ನಕಾಶೆಯಲ್ಲಿ ಹೆಸರೂ ಇದೆಯಂತೆ. ಭಕ್ತರು ನೀರೆರೆದೆರೆದು ಪಾಚಿ ಬೆಳೆದ ದೇವರೂ ನಿಜವಾದ. ಕಿರಿದಾದ ಓಣಿಯೊಂದರಲ್ಲಿ ಹಸಿರು ಕಂಬಳಿ ಹೊದ್ದು ನಿಂತಿದ್ದಾನೆ, ಚಿತ್ರದಲ್ಲೂ ನೀರು ತೊಟ್ಟಿಕ್ಕುತ್ತಿತ್ತು.

ತನ್ನ ಸುಳ್ಳುಗಳು ಒಂದೊಂದಾಗಿ ಎದ್ದು ನಡೆಯತೊಡಗಿದ್ದನ್ನು ಶೌಕತ ಬಾಯಿ ತೆರೆದು ನೋಡಿದ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟೆಲ್ಲ ಅಲ್ಲಿ ಇದ್ದೇ ಇತ್ತು. ತಲೆ ಎತ್ತಿದ್ದರೆ ಸಾಕಿತ್ತು. ಕಾಣದ ಊರನ್ನು ಕಲ್ಪಿಸಲು ಪಟ್ಟ ಶ್ರಮದ ಅರ್ಧವನ್ನು ಕಾಣಲು ಪಟ್ಟಿದ್ದರೆ ಆಗುತ್ತಿತ್ತು.

ಸಂಬಂಧ ಕುದುರಿದರೆ ಹಂಚಲೆಂದು ತಂದಿದ್ದ ಪೇಢೆಯ ಡಬ್ಬಿಯ ದಾರವನ್ನು ನಬಿಸಾಬರು ಬಿಚ್ಚತೊಡಗಿದರು. ಒಳಗಿನ ಬಾಗಿಲಲ್ಲಿ ಸಮ್ರೀನಳ ದುಪಟ್ಟಾ ನಲಿಯಿತು. ಶೌಕತ ಆಗ ಸುಮ್ಮನಿದ್ದುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸುಳ್ಳಿಗೇ ಇಷ್ಟು ಗೌರವ ಸಿಕ್ಕ ಮನೆಯಲ್ಲಿ, ಇಷ್ಟು ವರ್ಷ ಮುಚ್ಚಿಟ್ಟ ಒಂದೇ ಒಂದು ನಿಜಕ್ಕೆ ಜಾಗ ಸಿಗದೇ ಹೋದೀತೇ ಎನಿಸಿತು ಅವನಿಗೆ.

“ಇನ್ನೊಂದು ಕೇಳ್ರಿ,” ಎಂದ. “ಇದನ್ನ ನಾ ಯಾರಿಗೂ ಹೇಳಿಲ್ಲ.”

ಒಂದು ಸಂಜೆ ಮಳೆಯಲ್ಲಿ ದಾರಿ ತಪ್ಪಿ, ರೈಲು ಸೇತುವೆಯ ಕೆಳಗೆ ನಿಂತು ಅತ್ತದ್ದನ್ನು ಹೇಳಿದ. ಗಾಳಿಗೆ ಕೊಡೆಯ ಕಡ್ಡಿಗಳು ಮುರಿದಿದ್ದವು. ಸೇತುವೆಯ ಕೆಳಗೆ ಹಲಗೆಪೆಟ್ಟಿಗೆ ಇಟ್ಟುಕೊಂಡು ಕೊಡೆ ರಿಪೇರಿ ಮಾಡುವ ಮುದುಕನೊಬ್ಬ ಕುಳಿತಿದ್ದ. ಮಾತಿಲ್ಲದೆ ಕೊಡೆ ಕಸಿದುಕೊಂಡ, ಕಡ್ಡಿ ಕಟ್ಟಿದ, ದುಡ್ಡು ಮುಟ್ಟಲಿಲ್ಲ, ಮೊಣಕೈ ಹಿಡಿದು ತಂಗುವ ಕೋಣೆಯ ಬಾಗಿಲವರೆಗೆ ಬಿಟ್ಟುಹೋದ. “ಖರೆ ಹೇಳ್ತೇನಿ, ಆ ಊರಾಗ ನನ್ನ ಕಣ್ಣಿಗೆ ಬಿದ್ದ ಮನಷ್ಯಾ ಅಂವ ಒಬ್ಬನ.”

ಫೋನು ಎಲ್ಲವನ್ನೂ ತಿರುಗಿಸಿತು. ಕಿತಾಮುರಾ ತಲೆಯನ್ನು ಒಂದು ಕಡೆಗೆ ವಾಲಿಸಿ, ಹಲ್ಲಿನ ನಡುವಿನಿಂದ ಗಾಳಿ ಎಳೆದುಕೊಂಡ. ಬಹಳ ನೊಂದವನಂತೆ ಮಾತಾಡಿದ.

“ದಯವಿಟ್ಟು ಕ್ಷಮಿಸಿ,” ಎಂದಿತು ಫೋನು. “ನಾನು ಆ ಎಲ್ಲ ಸೇತುವೆಗಳ ಕೆಳಗೂ ಬಸ್ಸು ಚಲಾಯಿಸಿದ್ದೇನೆ. ಅಂತಹ ವ್ಯಕ್ತಿಯನ್ನು ಕಂಡಿಲ್ಲ. ನಾವು ಕೊಡೆಗಳನ್ನು ದುರಸ್ತಿ ಮಾಡಿಸುವುದಿಲ್ಲ. ಬಸ್ಸಿನಲ್ಲಿ ಮರೆತುಬಿಡುತ್ತೇವೆ.”

ಪೇಢೆಯ ದಾರ ಅರ್ಧಕ್ಕೆ ನಿಂತಿತು. ಶೌಕತ ಒಳಗೆ ಓಡಿ ಕಪಾಟಿನ ಹಿಂದಿನಿಂದ ಕರಿಯ ಕೊಡೆಯನ್ನು ತಂದು ಬಿಡಿಸಿ, ಆ ಮುದುಕ ಕಟ್ಟಿದ ತಂತಿ ಇಲ್ಲೇ ಇದೆಯೆಂದು ಹುಡುಕಿದ. ಎಲ್ಲ ಕಡ್ಡಿಗಳೂ ಹೊಚ್ಚಹೊಸದಾಗಿ ಹೊಳೆದವು.

“ಅದನ್ನ ಹ್ವಾದ ಮಳಿಗಾಲಕ್ಕ ಪ್ಯಾಟ್ಯಾಗ ಪೂರಾ ಹೊಸಾದು ಮಾಡ್ಸೇನಲ್ರಿ,” ಎಂದಳು ರುಬಿನಾ ಸಣ್ಣ ದನಿಯಲ್ಲಿ. “ಬಟ್ಟೀನೂ ಬದಲ್ ಮಾಡ್ಸೇನಿ. ನೀವು ಹೇಳಿದ್ರ ಇಟ್ಟಿರ್ತಿದ್ದೆ.”

ನಬಿಸಾಬರು ಎದ್ದು ಬಂದು ಶೌಕತನ ಭುಜದ ಮೇಲೆ ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿದರು, ಹಂಚಿಗೆ ತಟ್ಟುವಂತೆ.

“ನೋಡ್ರಿ ಶೌಕತಭಾಯಿ, ಮೂರು ಮಾತು ಖರೆ ಅದಾವು. ಇಷ್ಟು ಖರೆ ಹೇಳಾವ ಮನಷ್ಯಾಗ ಒಂದು ಸುಳ್ಳ ಬಾಯಿ ತಪ್ಪಿ ಬರ್ತೈತಿ. ತಪ್ಪಿಲ್ಲ. ಕೊಡೀದು ಸುಳ್ಳು ಅಂತ ಎಲ್ಲಾರ ಮುಂದ ಒಪ್ಪಕೊಳ್ರಿ. ತಪ್ಪ ಒಪ್ಪಕೊಳ್ಳಾವರ ಮನೀ ಹುಡುಗಿ ನನಗ ಸಾಕು. ಒಪ್ಪದಿದ್ರ ನಾ ಹಳಿಯಾಳದ ಬಸ್ ಹತ್ತತೇನಿ.”

ಶೌಕತ ಬಾಗಿಲ ಕಡೆ ನೋಡಿದ. ದುಪಟ್ಟಾ ಅಲುಗದೆ ನಿಂತಿತ್ತು. ರೈಲು ಸೇತುವೆಯ ಕೆಳಗಿನ ಮುದುಕ ಅವನ ಮೊಣಕೈಯನ್ನು ಇನ್ನೂ ಹಿಡಿದೇ ಇದ್ದ. ಆ ಹಿಡಿತವನ್ನು ಅವನು ನಿಧಾನವಾಗಿ ಬಿಡಿಸಿಕೊಂಡ.

“ಸುಳ್ಳರಿ,” ಎಂದ. “ಕೊಡೀದು ಅಷ್ಟ ಸುಳ್ಳು.”

ಪೇಢೆ ಹಂಚಿದರು. ಇಂಥ ಸತ್ಯವಂತ ಬೀಗ ಸಿಗುವುದು ಕಷ್ಟವೆಂದು ನಬಿಸಾಬರು ಅವನನ್ನು ತಬ್ಬಿಕೊಂಡು, ಸಂಜೆಯ ಬಸ್ಸಿಗೆ ಹೊರಟುಹೋದರು. ಜುಲಿಯಾನಾ ಅಷ್ಟರಲ್ಲೇ ಮನೆ ಮನೆಗೂ ಹೋಗಿ, ಅಷ್ಟೆಲ್ಲ ಖರೆ ಕಂಡವನಿಗೆ ಇದೊಂದು ಸುಳ್ಳು ಯಾಕೆ ಬೇಕಿತ್ತೆಂದು ಕೇಳಿ ಬಂದಿದ್ದಳು. ಕತ್ತಲಾಗುವುದರೊಳಗೆ ಕ್ವಾರ್ಟರ್ಸಿನಲ್ಲಿ ಒಸಾಕಾ ಶೌಕತ ಇರಲಿಲ್ಲ. ಕೊಡೀ ಶೌಕತ ಇದ್ದ.

ಹೊಸ ಸ್ಕ್ರೂ ಬಂದು ಕಿತಾಮುರಾ ಹೊರಡುವ ಹೊತ್ತಿಗೆ ಕಾಳಿ ನದಿಯ ಕಡೆಯಿಂದ ಗಾಳಿಯೊಡನೆ ಅಕಾಲದ ಮಳೆ ಬಂತು. ಅವನು ಬಿಡಿಸಿದ ಪಾರದರ್ಶಕ ಪ್ಲಾಸ್ಟಿಕ್ ಕೊಡೆ ಒಮ್ಮೆಲೇ ಮೇಲ್ಮುಖವಾಗಿ ಮಗುಚಿ, ಎರಡು ಕಡ್ಡಿ ಮುರಿದವು. ಅವನು ಅದನ್ನು ಮಡಚಿ ಕಸದ ಡಬ್ಬಿ ಎಲ್ಲಿದೆಯೆಂದು ಸುತ್ತ ನೋಡಿದ. ಶೌಕತ ಮಾತಿಲ್ಲದೆ ಕೊಡೆ ಕಸಿದುಕೊಂಡ. ಜೇಬಿನ ಇಕ್ಕಳ ತೆಗೆದು, ಮೆಟ್ಟಿಲ ಮೇಲೆ ಕುಳಿತು, ತಂತಿ ಸುತ್ತಿ ಕಡ್ಡಿ ಕಟ್ಟಿದ. ಮುದುಕ ಚಾಚಿದ ನೋಟನ್ನು ಮುಟ್ಟಲಿಲ್ಲ. ಮೊಣಕೈ ಹಿಡಿದು ಜೀಪಿನವರೆಗೆ ಕರೆದೊಯ್ದ.

ಕಿತಾಮುರಾ ಕೊಡೆಯನ್ನು ಬಿಡಿಸಿದ, ಮುಚ್ಚಿದ, ಮತ್ತೆ ಬಿಡಿಸಿದ. ಸೊಂಟ ಬಾಗಿಸಿ ವಂದಿಸಿ, ಫೋನಿಗೆ ಬಹಳ ಹೊತ್ತು ಏನೋ ಹೇಳಿದ. ಫೋನಿನ ಹೆಂಗಸು ತನ್ನ ಇಸ್ತ್ರಿ ಮಾಡಿದ ಕನ್ನಡದಲ್ಲಿ ಅದನ್ನು ಒಪ್ಪಿಸಿದಳು:

“ಹಣ ಪಡೆಯದೆ ಕೊಡೆ ದುರಸ್ತಿ ಮಾಡುವ ಮನುಷ್ಯನನ್ನು ನಾನು ಇಂದು ಕಂಡೆ. ಆದರೆ ಇದನ್ನು ನನ್ನ ಊರಿನಲ್ಲಿ ಹೇಳುವುದಿಲ್ಲ. ಹೇಳಿದರೆ ನನ್ನನ್ನು ಸುಳ್ಳುಗಾರ ಎನ್ನುತ್ತಾರೆ.”